ಪ್ರಜ್ಞಾಳ ಡಬ್ಬಿಯ ಗುಂಡು

ನಂಬಬ್ಯಾಡ್ರಿ ಯಾಕೂಬಸಾಬ ಕಾಕಾ, ನಂಬಲೇ ಬ್ಯಾಡ್ರಿ! ನಿಮ್ಮ ಮುಂದ ನಿಂತ ಈ ಮಸೂತಿ ದುಂಡೇಶ ಗೆದ್ದ ಮ್ಯಾಲ ತಾನಾಗೇ ಬಂದು, ‘ಇದನ್ನ ಲೆಕ್ಕಕ್ಕ ಹಿಡೀಬ್ಯಾಡ್ರಿ, ಪ್ರಜ್ಞಾಗ ಇನ್ನೊಮ್ಮೆ ಹೊಡಿಯಾಕ ಕೊಡ್ರಿ’ ಅಂತಾನಂದ್ರ ಯಾರು ನಂಬತಾರ? ನಾನ ನಂಬೂದಿಲ್ಲ. ಆದ್ರೂ ಹೇಳತೇನಿ. ಆಕೀದು ತಪ್ಪಿಲ್ಲ. ತಪ್ಪು ಗುಂಡಿಂದು.

ಯಾಕ ನಗತೀರಿ? ಚಷ್ಮಾ ಕೆಳಗ ಸರಿಸಿ ನೋಡಿದ್ರ ನಾ ಅಂಜಾಂವಲ್ಲ. ಈಟು ಕುಂಡ್ರತೇನಿ ತಡೀರಿ, ಕಾಲು ಬಿದ್ದು ಹೋಗ್ಯಾವ. ಮುಂಜಾನಿ ಬಾಗೇವಾಡಿಯಿಂದ ಬಸ್ಸಿನ್ಯಾಗ ನಿಂತಗೊಂಡ ಬಂದೇನಿ. ಹೊತ್ತು ಮುಳುಗೂತನಕ ಈ ಬಿಸಲಾಗ ಬಕ್ಕಬಾರಲೆ ಬಿದ್ದೇನಿ. ಗೆದ್ದ ಮನಶ್ಯಾಗ ಹಿಂಗ ದಣಿವು ಆಗಬಾರದು ನೋಡ್ರಿ. ಆಗೇತಿ.

ಹೊಡದದ್ದು ಮಾತ್ರ ಹೆಂಗ ಹೊಡದೆ! ಇಂಡಿ ಹುಡುಗರು ನನ್ನ ಗುರಿ ಕಾಗದ ನೋಡಿ ತೆಲಿ ತಗ್ಗಿಸಿ ಹೋದ್ರು. ಎಲ್ಲಾ ಗುಂಡೂ ಒಂದ ತೂತಿನ್ಯಾಗ ಹೊಕ್ಕಂಗ! ಈ ಕಾಳಪ್ಪನ ಮಗಾ ಕಣ್ಣು ತೆರದದ್ದ ಗುರಿ ಹಿಡಿಯಾಕ್ರಿ... ಆತು, ಆತು, ಬಿಡ್ರಿ. ಈಗಿನ ಮಾತು ಅದಲ್ಲ.

ಬೆಳಗಾವಿ ಬಂದೂಕು ಸ್ಪರ್ಧೆಗೆ ಹೋಗೂ ಜಾಗಾ ಒಂದ. ನೀವು ನನ್ನ ಹೆಸರು ಕೂಗಿದ್ರಿ. ಶಂಕ್ರೆಪ್ಪ ಮಾಸ್ತರ ಮಗಳು ಪ್ರಜ್ಞಾ ಅಲ್ಲಿ ಬೇವಿನ ಗಿಡದ ಬುಡಕ ಕುಂತಾಳ. ಅಳವಲ್ಲಳು. ಆ ಸಿಂದಗಿ ಪರಶು ಎಲ್ಲಾರಿಗೂ ಕೇಳೂವಂಗ, ‘ಹುಡುಗೀ ಕೈ ನಡಗಿತ್ರೆಪಾ’ ಅಂದ. ಲೇ ಮಗನ, ಗುಂಡು ಹಾರಿದ್ರ ಕೈ ನಡಗೇತೋ ಇಲ್ಲೋ ಗೊತ್ತಾಗತೈತಿ. ಗುಂಡ ಹಾರಲಿಲ್ಲಲ್ಲ!

ಹಾಂ, ನಿಮ್ಮ ಕಾನೂನು ನನಗ ಗೊತ್ತೈತಿ. ತಮ್ಮ ತಮ್ಮ ಡಬ್ಬಿ, ತಮ್ಮ ತಮ್ಮ ಜವಾಬ್ದಾರಿ. ಹೆಸರು ಬರದು ಕಪಾಟದಾಗ ಇಡಬೇಕು, ಗುಂಡು ಕೆಟ್ರ ಇಟ್ಟವರ ಹೊಣಿ. ಆದ್ರ...

ನೀವ ಕಲಿಸಿದ್ದನ್ನ ನಿಮಗ ಒಪ್ಪಸ್ತೇನಿ, ಕೇಳ್ರಿ. ಈ ಟೂ-ಟೂ, ಪಾಯಿಂಟ್ ಇಪ್ಪತ್ತೆರಡರ ಗುಂಡಿಗೆ ಕಿಡಿ ಹೊತ್ತಿಸೂ ಮದ್ದು ನಟ್ಟನಡುವ ಇರೂದಿಲ್ಲ, ಹಿಂದಿನ ಅಂಚಿನೊಳಗ ಇರತೈತಿ. ಬೋಲ್ಟಿನೊಳಗಿನ ಪಿನ್ನು ಬಂದು ಅಂಚಿಗೇ ಬಡೀಬೇಕು. ಆಕಿ ಟ್ರಿಗರ್ ಒತ್ತಿದ್ಲು. ಟಕ್! ಅಷ್ಟ. ನಾ ಆಗಿದ್ರ ಸಿಟ್ಟಿಲೆ ಬೋಲ್ಟ್ ಎಳದು ಆ ಗುಂಡು ಒಗದಬಿಡತಿದ್ದೆ. ಆಕಿ ನಳಿಗಿ ಗುರಿ ಕಡೇನ ಇಟ್ಟು ಗಪ್ಪ ಬಿದ್ದಳು. ತಡಾ ಮಾಡಿ ಹಾರೀತು ಅಂತ ಕಾಯ್ದಳು. ಆಮ್ಯಾಲ ತಗದು, ತಿರುವಿ ಹಾಕಿ, ಅಂಚಿನ ಇನ್ನೊಂದ ಮಗ್ಗಲಿಗೆ ಹೊಡದಳು. ಮತ್ತ ಟಕ್. ಅದರ ಮುಂದಿಂದು ಫುಸ್ ಅಂತು. ಫುಸ್! ಬರೇ ಗಾಳಿ ಬಿಟ್ಟಂಗ. ಕೈ ಎತ್ತಿ ಎಲ್ಲಾ ನಿಲ್ಲಿಸಿದಳು. ನಳಿಗ್ಯಾಗ ಸರಳು ಹಾಕಿ ನೋಡಿದ್ರ, ಗುಂಡಿನ ತುದಿ ಸೀಸ ನಡುವ ಸಿಕ್ಕೊಂಡೇತಿ. ಗೊತ್ತಿಲ್ದ ಅದರ ಹಿಂದ ಇನ್ನೊಂದ ಹೊಡದಿದ್ರ? ನಳಿಗಿ ಒಡದು ಆಕೀ ಮಾರಿ... ಆಕೀ ಕಣ್ಣು...

ನೀರು ಐತೇನ್ರಿ? ಬ್ಯಾಡ, ಬ್ಯಾಡ. ಕುಂಡ್ರಿ.

ಸರಳು ಬಡದು ಸೀಸ ತಗಿಯೂದ್ರಾಗ ನೀವು ಸೀಟಿ ಊದಿದ್ರಿ. ಹೊತ್ತು ಮುಗೀತು. ಹಿಂಗ ಸೋತಳು ಆಕಿ.

ಬಂದೂಕು ಕೆಟ್ಟಿತ್ತಂತೀರಿ? ತಗೋರಿ, ಹಾರದ ಗುಂಡು ನಿಮ್ಮ ಕೈಯಾಗ ಅದಾವ. ಪಿನ್ನು ಬಡದ ಗುರುತು ನೋಡ್ರಿ, ಆಳ ಐತಿ. ಪಿನ್ನು ಚೊಲೊ ಐತಿ. ಗುರುತು ಆಳ ಇದ್ದು ಹಾರಲಿಲ್ಲಂದ್ರ ಗುಂಡ ಕೆಟ್ಟಂಗ. ನೀವ ಹೇಳಿದ್ದು... ಯಾವುದು? ಹೌದು, ಈ ಕಡೀದಕ್ಕ ತೆಳ್ಳಗ ಬಿದ್ದೈತಿ. ಬೋಲ್ಟ್ ಜಿಗಟಾಗಿ ಪಿನ್ನಿನ ಓಟ ಕಮ್ಮಿ ಆಗಿರಬೇಕು. ಜಿಗಟು ಯಾಕಂದ್ರ... ಧೂಳ್ರಿ! ಮುದ್ದೇಬಿಹಾಳದಾಗ ಧೂಳಿಗೇನು ಬರಾ ಐತೇನು?

ಮತ್ತ ಗುಂಡಿಗೆ ಥಂಡಿ ಹತ್ತಿರಬೇಕು. ನಿಮ್ಮ ಕಪಾಟದ ಗ್ವಾಡಿ ಹಸಿ ಬಿಡತೈತಿ.

...ಹೌದು. ನನ್ನ ಡಬ್ಬೀನೂ ಅದ ಕಪಾಟದಾಗ ಇತ್ತು. ಅದ ಕಂಪನಿ, ಅದ ಪೆಟಗಿ. ನನ್ನವು ಎಲ್ಲಾ ಹಾರಿದ್ವು. ಪರಶೂನವೂ ಹಾರಿದ್ವು. ಆಕೀ ಡಬ್ಬಿ ಗ್ವಾಡಿಗೆ ಹತ್ತಿತ್ತೋ ಏನೋ... ನನಗೇನ ಗೊತ್ತು, ನಾ ಏನು ಕಪಾಟ ಕಾಯ್ತೇನೇನು?

ಕಪಾಟದ ಕೀಲಿ ನನ್ನ ಕೈಯಾಗ ಕೊಟ್ಟಿದ್ರಿ. ಒಂದ ದಿನ. ಹಬ್ಬದ ದಿನ ಅಷ್ಟ.

ಗುಂಡು ಯಾಕ ಮೂಸಾಕತ್ತೀರಿ? ಅಯ್ಯ, ಕುಸುಬಿ ಎಣ್ಣಿ ವಾಸನಿ ಈ ಸೀಮ್ಯಾಗ ಯಾರ ಕೈಯಾಗ ಬರೂದಿಲ್ರಿ! ಆಕಿ ಬುತ್ತಿ ಉಂಡ ಕೈಲೆ ಮುಟ್ಟಿರತಾಳ... ಇಲ್ಲ. ಆಕಿ ಕೈ ತೊಳಕೊಂಡ ಮುಟ್ಟತಾಳ. ಅದೂ ಖರೇ.

ಗುಂಡಿನ ಅಂಚಿನ್ಯಾಗ ಆ ಕೆಂಪಂದು ಜಂಗು ಇರಬೇಕ್ರಿ.

ಹಂಗ ನೋಡಬ್ಯಾಡ್ರಿ. ಹಿತ್ತಾಳಿಗೆ ಕೆಂಪು ಜಂಗು ಹತ್ತೂದಿಲ್ಲಂತ ನನಗೂ ಗೊತ್ತೈತಿ.

ಬೈಯ್ರಿ ಕಾಕಾ. ಬೈದ್ರ ನಾನೂ ತಿರುಗಿ ಏನರ ಅಂತೇನಿ. ಹಿಂಗ ಗುಂಡು ತಿರುವಿ ತಿರುವಿ ನೋಡಿದ್ರ ಹೆಂಗ?

...ದಸರಾದ ಖಂಡೇ ಪೂಜಿ ದಿನ ನೀವು ಏನಂದ್ರಿ? ‘ಬಂದೂಕಿಗೆ ಹೂವು ಏರಸ್ರಿ, ಕಾಯಿ ಒಡೀರಿ, ಗುಂಡಿಗೆ ಮಾತ್ರ ಕೈ ಹಚ್ಚಬ್ಯಾಡ್ರಿ’ ಅಂದ್ರಿ. ಎಲ್ಲಾರೂ ಹೂಂ ಅಂದ್ರು. ನಾನೂ ಅಂದೆ. ಆಕಿ ದೂರ ನಿಂತಿದ್ಲು. ಆಕೀ ಮನ್ಯಾಗ ಬುದ್ಧಗ ನಡಕೋತಾರ, ಈ ಪೂಜಿ ಇಲ್ಲ. ‘ನಂದು ಹಂಗ ಇರಲಿ, ನೀವು ಮಾಡ್ಕೋರಿ’ ಅಂತ ನಕ್ಕೋತ ಹೊರಗ ಹೋದ್ಲು. ಸಾಲಾಗಿ ಇಟ್ಟ ಎಲ್ಲಾ ಬಂದೂಕಿಗೂ ಚೆಂಡು ಹೂವು, ಆಕೀದೊಂದ ಬೋಳು. ಕಣ್ಣಿಗೆ ಚಂದ ಕಾಣತೈತೇನ್ರಿ? ನನಗ ಜೀವಕ್ಕ ಸಮಾಧಾನ ಆಗಲಿಲ್ಲ. ಬೆಳಗಾವಿ ಮುಂದ ಐತಿ, ಎಲ್ಲಾರಿಗೂ ದೇವರ ಬೆನ್ನಿಗೆ, ಆಕೀಗಿ ಯಾರೂ ಇಲ್ಲ ಅನ್ನಿಸ್ತು. ನೀವು ಚಹಾಕ್ಕ ಹೋಗಿದ್ರಿ. ಅವ್ವ ದೀಪಕ್ಕಂತ ಗಾಣದ ಕುಸುಬಿ ಎಣ್ಣಿ ಕೊಟ್ಟಿದ್ಲು... ಬೋಲ್ಟಿಗೆ ಹಾಕಿದೆ. ಡಬ್ಬಿ ತಗದು ಗುಂಡಿಗೂ ಹಾಕಿದೆ. ಕುಂಕುಮ ಹಚ್ಚಿದೆ. ಕೈ ಮುಗದೆ. ಆಮ್ಯಾಲ ಕಾಣಬಾರದಂತ ಮ್ಯಾಲಮ್ಯಾಲ ವರಸಿಟ್ಟೆ. ಎಣ್ಣಿ ಬೋಲ್ಟಿನ್ಯಾಗ ಜಿಗಟಾಗೇತಿ, ಗುಂಡು ವಾರೊಪ್ಪತ್ತು ಅದರಾಗ ನೆಂದಾವ.

ನಾ ಗೆಲ್ಲಾಕ ಮಾಡಿದ್ದಂತ ತಿಳೀಬ್ಯಾಡ್ರಿ! ಬೇಕಂತ ಮಾಡಾವರು ಕುಂಕುಮ ಹಚ್ಚತಾರೇನ್ರಿ? ನನ್ನ ಡಬ್ಬಿಗೆ ಒಂದ ಬೊಟ್ಟೂ ಇಡಲಿಲ್ಲ. ನನಗ ಯಾ ದೇವರು ಯಾಕ ಬೇಕು, ನನ್ನ ಕಣ್ಣು ಅದಾವ ಅಂದೆ. ಬೇಡಿಕೊಂಡಿದ್ದು ಆಕೀ ಸಲುವಾಗಿ. ಆಕಿ ಗೆಲ್ಲಲಿ ಅಂತ... ಆಕಿ ಬ್ಯಾಡಂದಿದ್ದನ್ನ, ಆಕೀಗಿ ಕೇಳದ...

ಯಾಕ ಅಂತ ಕೇಳವಲ್ರಲ್ಲ. ಕೇಳ್ರಿ ಒಮ್ಮೆ. ಕೇಳಿದ್ರ ಇಲ್ಲ ಅಂತ ಸುಳ್ಳರ ಹೇಳ್ತಿದ್ದೆ.

ಎದ್ರಿ? ಹೊಸಾ ಡಬ್ಬಿ ಯಾಕ... ಆಕೀಗಿ. ಮುಂಜಾನಿ ಮತ್ತ ಹೊಡಸ್ತೀರಿ, ಇಬ್ಬರಿಗೂ. ಆತು. ಇದನ್ನ ಕೇಳಾಕ ಬಂದಿದ್ದೆ ನಾನು. ಗುಂಡು ಹಳೇವಿದ್ವು ಅಂತ ನೀವ ಹೇಳಿಬಿಡ್ರಿ ಕಾಕಾ, ನಿಮ್ಮ ಮಾತು ಕೇಳತಾಳ.

ತೆಲಿ ಯಾಕ ಅಲ್ಲಾಡಸ್ತೀರಿ ಕಾಕಾ?

...ಹೂಂ. ನಾನ ಹೇಳಬೇಕು. ಹೇಳತೇನಿ. ಎಣ್ಣೀದು ಹೇಳತೇನಿ. ಸೀಸ ಸಿಕ್ಕಿದ್ದೂ ನನ್ನಿಂದ ಅಂತ ಹೇಳತೇನಿ. ಉಳದದ್ದು ಬಾಯಿಗೆ ಬಂದ್ರ ಬಂತು. ಬರಿಗೈಲೆ ಹೆಂಗ ಹೋಗ್ಲಿ, ಏನರ ಕೊಡ್ರಿ...

ಹಾಂ. ಕೊಡ್ರಿ ಇಲ್ಲೆ. ಆಕೀ ಬಂದೂಕಿನ ಬೋಲ್ಟು, ಅದರ ಎಣ್ಣಿ ವರಸಾಕ ಒಂದ ತುಂಡು ಅರಿವಿ.