ಬೆಚ್ಚಗಿದ್ದ ಕುರ್ಚಿ

ವೇದಿಕೆಯ ನಡುವೆ ರಾರಾಜಿಸುತ್ತಿರುವ ಅಧ್ಯಕ್ಷರೇ, ಅವರ ಪಕ್ಕದ ಪ್ರಾಂಶುಪಾಲರೇ, ಫ್ಯಾನಿನ ಕೆಳಗಿನ ಜಾಗವನ್ನು ಮೊದಲೇ ಬಂದು ಹಿಡಿದಿರುವ ಜಾಣ ಸಭಿಕರೇ,

ಸಮಾಜಶಾಸ್ತ್ರದಲ್ಲಿ ಮೊದಲ ಸ್ಥಾನ ಪಡೆದ ನನ್ನ ಅಕ್ಕನ ಮಗಳಿಗೆ ಇಂದು ಸನ್ಮಾನ. ಪೋಷಕರು ಎರಡು ಮಾತಾಡಲಿ ಎಂದಿದ್ದೀರಿ. ನಾನು ಓದಿದ್ದು ಹಳ್ಳಿಯ ಶಾಲೆಯಲ್ಲಿ, ಅದೂ ಮೇಷ್ಟ್ರು ಬಂದ ದಿನ ಮಾತ್ರ. ಆದರೂ ನನ್ನ ಕತ್ತರಿಗೆ ಬಗ್ಗದ ಬಟ್ಟೆಯಿಲ್ಲ. ಪ್ರಾಂಶುಪಾಲರ ಕೋಟು ನಾನೇ ಹೊಲಿದದ್ದು. ಎಡಭುಜ ತುಸು ಇಳಿದಂತೆ ಕಂಡರೆ ಅದು ಭುಜದ ತಪ್ಪು.

ಈ ಹುಡುಗಿಯನ್ನು ಓದಿಸಿದವರು ಯಾರು? ನಾನು. ತಾಯಿ ಮಗಳಿಬ್ಬರಿಗೂ ಮನೆಯಲ್ಲಿ ಜಾಗ ಕೊಟ್ಟವರು ಯಾರು? ನಾನು. ಬುದ್ಧಿ ಹೇಳಿದವರು ಯಾರು? ನಾನು. ಅವಳಮ್ಮ ನಮ್ಮ ಅಂಗಡಿಯ ಅಂಗಿಗಳಿಗೆಲ್ಲ ಗುಂಡಿಯ ಕಾಜಾ ಹಾಕಿ ಶುಲ್ಕ ಕಟ್ಟಿದಳು, ಅದು ಬೇರೆ ಮಾತು.

ಆದರೆ ಅವಳು ಗೋಡೆಗೆ ಮೂವರು ಮುದುಕರ ಚಿತ್ರ ಅಂಟಿಸಿದ ದಿನವೇ ನನಗೆ ಅನುಮಾನ ಬಂತು.

"ಯಾರಮ್ಮ ಇವರು?"

"ನಮ್ಮ ಶಾಸ್ತ್ರಕ್ಕೆ ಅಡಿಪಾಯ ಹಾಕಿದೋರು ಮಾವ."

ಅಡಿಪಾಯ ಹಾಕುವವರ ಕಾಲರು ಅಷ್ಟು ಗರಿಗರಿಯಾಗಿರುತ್ತದೆಯೇ? ಕೆದಕಿ ಕೇಳಿದೆ. ದುಡಿಯುವವರು ಯಾರು, ಉಣ್ಣುವವರು ಯಾರು ಎಂದು ದೊಡ್ಡ ಗಡ್ಡದವನ ಪ್ರಶ್ನೆಯಂತೆ. ಯಾರೂ ಬಾಯಿಬಿಟ್ಟು ಹೇಳದ ಕಟ್ಟಳೆಯೂ ಕಲ್ಲಿನಷ್ಟೇ ಗಟ್ಟಿ ಎಂದು ಕನ್ನಡಕದವನ ವಾದವಂತೆ. ಒಬ್ಬನ ಮಾತನ್ನು ಉಳಿದವರು ಯಾಕೆ ಕೇಳುತ್ತಾರೆ ಎಂಬುದು ಮೂರನೆಯವನ ತಲೆನೋವಂತೆ. ಸಭಿಕರೇ, ನಮ್ಮ ಹೊಸ್ತಿಲು ತುಳಿಯದ ಈ ಮೂವರಿಗೆ ನಮ್ಮ ಮನೆಯ ಗುಟ್ಟು ಹೇಳಿದವರು ಯಾರು?

ಯಾಕೆಂದರೆ ನಮ್ಮ ಮನೆಯಲ್ಲಿ ಕೈಗಳಿರುವ ಒಂದು ಕುರ್ಚಿಯಿದೆ. ಅದು ನನ್ನದು. ಉಳಿದವರಿಗೆ ಸ್ಟೂಲುಗಳಿವೆ. ಒಂದು ಸಂಜೆ ಇವಳು ಕೇಳಿದಳು:

"ಮಾವ, ಇದ್ರಲ್ಲಿ ಯಾರೂ ಕೂರಬಾರ್ದು ಅಂತ ನೀವು ಯಾವತ್ತಾದ್ರೂ ಹೇಳಿದ್ದೀರಾ?"

"ಇಲ್ಲ. ಯಾಕೆ ಹೇಳ್ಬೇಕು?"

"ಮತ್ತೆ ಯಾಕೆ ಯಾರೂ ಕೂರಲ್ಲ?"

ಹೌದಲ್ಲ! ನಿಜವಾಗಿಯೂ ಕೂರುವುದಿಲ್ಲವೇ? ಅಂದಿನಿಂದ ಅಂಗಡಿಯಿಂದ ಬಂದವನೇ ಕುರ್ಚಿ ಮುಟ್ಟಿ ನೋಡತೊಡಗಿದೆ. ಬೆಚ್ಚಗಿರುತ್ತಿತ್ತು. "ಬೆಕ್ಕು ಮಲಗಿತ್ತೇನೋ," ಎಂದಳು ಹೆಂಡತಿ. ನಮ್ಮ ಮನೆಯಲ್ಲಿ ಬೆಕ್ಕಿಲ್ಲ.

ಬಿಟ್ಟೇನೇ? ಬಟ್ಟೆಗೆ ಗುರುತು ಹಾಕುವ ಸೀಮೆಸುಣ್ಣವನ್ನು ಪುಡಿ ಮಾಡಿ, ಕುರ್ಚಿಯ ಮೇಲೆ ತೆಳ್ಳಗೆ ಉದುರಿಸಿ ಹೋದೆ. ಸಂಜೆ ಪತ್ತೇದಾರನಂತೆ ಎಲ್ಲರ ಬೆನ್ನ ಹಿಂದೆ ಸುಳಿದೆ. ಹೆಂಡತಿಯ ಬಟ್ಟೆಗೆ ಸುಣ್ಣ. ಹುಡುಗಿಯ ಬಟ್ಟೆಗೆ ಸುಣ್ಣ. ಕಳ್ಳರು ಸಿಕ್ಕ ಖುಷಿಯಲ್ಲಿ ಧೊಪ್ಪನೆ ಕೂತೆ, ನನ್ನ ಪ್ಯಾಂಟಿಗೂ ಸುಣ್ಣ. ಅಕ್ಕನ ಬಟ್ಟೆ ಮಾತ್ರ ಶುಭ್ರವಾಗಿತ್ತು.

"ನೀನು ಕೂತಿಲ್ವಾ ಅಕ್ಕ?"

"ನಂಗೆ ಸ್ಟೂಲೇ ಸರಿ ಕಣೋ."

"ಹಾಗಂತ ಯಾರು ಹೇಳಿದ್ರು?"

ಅವಳು ಸೂಜಿಗೆ ದಾರ ಪೋಣಿಸುತ್ತ, "ಯಾರು ಹೇಳ್ಬೇಕು?" ಎಂದಳು.

ಆ ಕನ್ನಡಕದವನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಇರಲಿ. ಈಗ ನನ್ನ ಅನುಮಾನ ಈ ವೇದಿಕೆಯ ಮೇಲಿದೆ. 'ಪೋಷಕರು' ಎಂದು ಚೀಟಿ ಅಂಟಿಸಿದ ಕುರ್ಚಿಯನ್ನು ಒಂದೇ ಒಂದು ಇಟ್ಟಿದ್ದೀರಿ. ಕೂರು ಎಂದು ಯಾರೂ ಹೇಳಲಿಲ್ಲ, ಬಂದವನೇ ಕೂತೆ. ನಮ್ಮ ಹುಡುಗಿ ತುಟಿ ಕಚ್ಚಿ ನಕ್ಕಳು. ಒಂದೇ ಕುರ್ಚಿ ಸಾಕು ಎಂದು ನಿಮಗೆ ಹೇಳಿದವಳು ಇವಳೇ ತಾನೇ? ನನ್ನ ಸುಣ್ಣಕ್ಕಿಂತ ಒಳ್ಳೆಯ ಬಲೆ! ಅಲ್ಲಿ ನೋಡಿ, ಸಾಲುಸಾಲು ಖಾಲಿ ಇದ್ದರೂ ಇವಳಮ್ಮ ಬಾಗಿಲ ಬಳಿ ನಿಂತಿದ್ದಾಳೆ.

ಅಕ್ಕ, ಬಾ. ತಲೆ ಅಲ್ಲಾಡಿಸಬೇಡ, ಮೇಲೆ ಬಾ. ಇದು ನಿನ್ನ ಕುರ್ಚಿ. ಸುಣ್ಣ ಹಾಕಿಲ್ಲ, ಆಣೆಗೂ. ಇಷ್ಟು ಹೊತ್ತು ನಾನು ಕೂತಿದ್ದು ನಿನಗಾಗಿ ಬೆಚ್ಚಗೆ ಮಾಡಿಡಲಿಕ್ಕೆ ಎಂದು ಈ ಸಭೆ ಬರೆದುಕೊಳ್ಳಲಿ.

ನಾನು ನಿಂತೇ ಇರುತ್ತೇನೆ. ಕರೆದವರಿಗೂ, ನಕ್ಕವರಿಗೂ, ಗೋಡೆಯ ಮೇಲಿನ ಆ ಮೂವರಿಗೂ ವಂದನೆಗಳು. ನಮಸ್ಕಾರ.