ಪತ್ತೇದಾರನ ಮೂಗು

ಕಣ್ಣಾಸ್ಪತ್ರೆಯ ಬೆಂಚಿನ ಮೇಲೆ ಕಾದು ಕಾದು ಲಾರಿ ಡ್ರೈವರ್‌ಗೆ ಪಿತ್ತ ನೆತ್ತಿಗೇರಿತ್ತು. ಎದ್ದು ಒಂದು ಜಗಳ ತೆಗೆಯೋಣ ಅನ್ನುವಷ್ಟರಲ್ಲಿ ಪಕ್ಕದಲ್ಲಿದ್ದ ವಯಸ್ಸಾದ ಗಂಡಹೆಂಡಿರ ಮಾತು ಕಿವಿಗೆ ಬಿತ್ತು. ಹೆಂಡತಿ ಔಷಧಿಯ ಹನಿ ಬಿಡಿಸಿಕೊಂಡು ಕಣ್ಣು ಮುಚ್ಚಿ ಕೂತಿದ್ದಳು.

“ನಿನ್ನೆಯಿಂದ ಮುಖ ಯಾಕೆ ಊದಿಸ್ಕೊಂಡಿದೀಯೇ?”

“ಆ ಹಳೇ ಪತ್ತೇದಾರಿ ಸೀರಿಯಲ್ ಮತ್ತೆ ನೋಡಿದ್ವಲ್ಲ, ನಂಗೆ ಮೋಸ ಆಗಿದೆ ರೀ.”

“ನಲವತ್ತು ವರ್ಷದ ಹಿಂದಿನ ಸೀರಿಯಲ್‌ನಲ್ಲಿ ನಿಂಗೇನು ಮೋಸ?”

“ನಾನು ಮದುವೆಗೆ ಒಪ್ಪಿದ್ದೇ ನೀವು ಆ ಪತ್ತೇದಾರನ ಥರ ಇದೀರಿ ಅಂತ.”

“ಇದೀನಲ್ಲ! ಊರಿಗೂರೇ ಹೇಳ್ತಿತ್ತು.”

“ಊರಲ್ಲ, ನಿಮ್ಮಕ್ಕ ಒಬ್ಬರೇ. ನಾನು ನೋಡ್ತಿದ್ದದ್ದು ಪಕ್ಕದ ಮನೆ ಕಿಟಕಿಯಿಂದ, ಹತ್ತು ತಲೆಗಳ ಹಿಂದೆ ನಿಂತು. ಟೀವಿ ತುಂಬಾ ಬರೀ ಚುಕ್ಕಿ. ನಿನ್ನೆ ಮಗಳ ಮನೆ ದೊಡ್ಡ ಟೀವೀಲಿ ಸರಿಯಾಗಿ ಕಂಡ. ಅವನ ಮೂಗು ಎಂಥದ್ದು, ನಿಮ್ಮದೆಂಥದ್ದು!”

“ನನ್ನ ಮೂಗಿಗೇನಾಗಿದೆ?”

“ಅವನದು ಸಂಪಿಗೆ ಎಸಳು. ನಿಮ್ಮದು ಆಲೂಗಡ್ಡೆ.”

ಡ್ರೈವರ್ ಓರೆಗಣ್ಣಲ್ಲಿ ಆ ಮೂಗು ನೋಡಿದ. ಆಕೆ ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ನಗು ತಡೆಯಲು ಮೀಸೆ ಕಚ್ಚಿಕೊಂಡ.

ಮುದುಕನ ದನಿ ಇಳಿಯಿತು. “ಮೊದಲೇ ಸರಿಯಾಗಿ ಕಂಡಿದ್ರೆ ನನ್ನ ಒಪ್ತಾನೇ ಇರ್ಲಿಲ್ವಾ?”

ಆಕೆ ಉತ್ತರ ಕೊಡುವ ಮೊದಲೇ ನರ್ಸ್ ಬಾಗಿಲಿಂದ ಕರೆದಳು. “ಅಜ್ಜಿ, ಕಣ್ಣು ಬಿಟ್ಟು ಒಳಗೆ ಬನ್ನಿ.”

ಅಜ್ಜಿ ರೆಪ್ಪೆ ಬಡಿದು ಗಂಡನತ್ತ ತಿರುಗಿದಳು.

“ಅಯ್ಯೋ ರೀ! ಎಲ್ಲಾ ಮಂಜು ಮಂಜು. ಈಗ ನೋಡಿ, ಥೇಟ್ ಅವನೇ!”

ಮುದುಕ ಎದೆಯುಬ್ಬಿಸಿ ಎದ್ದು ಹೆಂಡತಿಯ ಕೈ ಹಿಡಿದುಕೊಂಡ. ಒಳಗೆ ಹೋಗುತ್ತಾ ನರ್ಸನ್ನು ಕೇಳಿದ:

“ಸಿಸ್ಟರ್, ಈ ಔಷಧಿ ಹೊರಗೆ ಅಂಗಡೀಲಿ ಸಿಗುತ್ತೇನಮ್ಮಾ?”