ನೆಳ್ಳ ಕೇಳಿದಾಕಿ

ಕಂದೀಲು ಸಣ್ಣದು ಮಾಡಿ, ಹತ್ತಿರ ಸರಿದು ಕೂಡಿ. ಜೋರಾಗಿ ಹೇಳುವ ಮಾತಲ್ಲ ಇದು. ನಮ್ಮ ಓಣಿಯ ಸಾವಂತ್ರವ್ವ, ಓವರ್ಸಿಯರ್ ಪರಮಾನಂದನ ಹೆಂಡತಿ... ಅವಳಿಗೆ ಆದದ್ದು. ಇಂಡಿಗೆ ಬರುವ ಮುಂಚೆ, ಯಂಕಂಚಿಯ ಆಚೆ ಕಾಲುವೆ ಕೆಲಸ ನಡೆದಿದ್ದಾಗ.

ಅಮಾವಾಸ್ಯೆ ಅಲ್ಲ, ಏನಲ್ಲ. ಬರೀ ಒಂದು ಬುಧವಾರ. ಊರೊಳಗೆ ಮಜ್ಜಿಗೆ ತರಲು ಹೋದವಳಿಗೆ ಅಲ್ಲೇ ಕತ್ತಲಾಯಿತು. ಬಗಲಲ್ಲಿ ಕೂಸು. ಮುಂದೆ ಗುಂಡವ್ವ, ಕಾಲುವೆಯಲ್ಲಿ ಮಣ್ಣು ಹೊರುವಾಕೆ, ಹಾದಿ ತೋರಿಸುತ್ತ ನಡೆದಿದ್ದಳು. ಬಿರುಕುಬಿಟ್ಟ ಎರೆಹೊಲ. ಕಾಲಿಟ್ಟಲ್ಲಿ ಹೆಂಟೆ ಒಡೆದು ಚರಕ್... ಚರಕ್... ಅನ್ನುತ್ತಿತ್ತು. ಹಾಳುಬಾವಿಯ ಹತ್ತಿರ ಬಂದಾಗ ಒಳಗಿನ ಪಾರಿವಾಳಗಳು ಗುಟುರ್ ಗುಟುರ್ ಅನ್ನುತ್ತಿದ್ದವು. ಒಮ್ಮೆಲೇ ಸುಮ್ಮನಾದವು.

ಬಾವಿಕಟ್ಟೆಯ ಮೇಲೆ ಒಬ್ಬಾಕೆ ನಿಂತಿದ್ದಳು. ಸೊಂಟದ ಮೇಲೆ ಕೂಸು, ಕೂಸಿನ ಮೇಲೆ ಸೆರಗು.

"ಎವ್ವಾ... ನಿಮ್ಮಲ್ಲಿ ನೆಳ್ಳ ಐತೇನ್ರಿ?"

ಆ ಸೀಮೆಯಲ್ಲಿ ಇದು ದಿನಾ ಕೇಳುವ ಮಾತು. ಹರದಾರಿ ನಡೆದರೂ ನೆರಳಿಗೆ ಒಂದು ಗಿಡ ಇಲ್ಲ. ಕೂಸು ಕಟ್ಟಿಕೊಂಡು ಕೆಲಸಕ್ಕೆ ಬರುವ ಹೆಂಗಸರು ಬಂಡಿ ಕಂಡಲ್ಲಿ, ಜೋಪಡಿ ಕಂಡಲ್ಲಿ ಹೀಗೇ ಕೇಳುತ್ತಾರೆ. ಯಾರ ಕೂಸು, ಯಾವ ಜಾತಿ ಅಂತ ಯಾರೂ ವಿಚಾರಿಸುವುದಿಲ್ಲ. ಇಲ್ಲ ಅನ್ನುವುದೂ ಇಲ್ಲ. ಸಾವಂತ್ರವ್ವನ ಬಾಯಿ ತಾನಾಗೇ ಆಡಿಬಿಟ್ಟಿತು.

"ಐತ್ರಿ. ಬರ್ರಿ."

ನಾಲ್ಕು ಹೆಜ್ಜೆ ಮುಂದೆ ಹೋದ ಮೇಲೆ ಹೊಳೆಯಿತು... ಹೊತ್ತು ಮುಳುಗಿ ಎಷ್ಟೋ ಹೊತ್ತಾಗಿದೆ. ಈಗೆಂಥ ನೆಳ್ಳು?

ಗುಂಡವ್ವ ನಿಂತಳು. ತಿರುಗಲಿಲ್ಲ.

"ಯಾರ ಕೂಡ ಮಾತಾಡಿದ್ರಿ?"

"ಬಾವಿಕಟ್ಟಿ ಮ್ಯಾಲ ಇದ್ದಳಲ್ಲ..."

"ಏನಂದ್ರಿ?"

"ಬರ್ರಿ ಅಂದೆ."

ಗುಂಡವ್ವ ಬೀಸುಗಾಲು ಹಾಕಿದಳು.

ಬೇರೆ ಯಾರಾದರೂ ಆಗಿದ್ದರೆ ಕಿಟಾರನೆ ಕಿರುಚುತ್ತಿದ್ದರೇನೋ. ಸಾವಂತ್ರವ್ವನಿಗೆ ಏನೂ ಆಗಲಿಲ್ಲ. ಮೊದಲ ಕೂಸು ಹಿಂದಿನ ಬೇಸಿಗೆಯ ಝಳಕ್ಕೆ ಕಣ್ಣು ಮುಚ್ಚಿತ್ತು. ಆವತ್ತಿನಿಂದ ಅವಳಿಗೆ ಅಳುವೂ ಇಲ್ಲ, ಹೆದರಿಕೆಯೂ ಇಲ್ಲ. ಉಣ್ಣು ಅಂದರೆ ಉಣ್ಣುವಳು, ಏಳು ಅಂದರೆ ಏಳುವಳು. ಈ ಎರಡನೆಯದು ಗಂಡು. ಇದನ್ನು ಉಳಿಸಿಕೊಳ್ಳಬೇಕು ಅನ್ನುವುದೊಂದೇ ಅವಳೊಳಗೆ ಜೀವ ಹಿಡಿದುಕೊಂಡಿತ್ತು.

ಅವರಿದ್ದದ್ದು ಮನೆಯಲ್ಲಲ್ಲ. ಯಾರೋ ಪರದೇಶದ ಎಂಜಿನಿಯರು ಬಿಟ್ಟುಹೋದ ಒಂದು ತಗಡಿನ ಟ್ರೇಲರ್. ಜೀಪಿನ ಹಿಂದೆ ಕಟ್ಟಿ ಎಳೆಯುವಂಥದ್ದು. ಮಾಳಿಗೆ ಕೆಳಗಿಳಿಸಿದರೆ ಪೆಟ್ಟಿಗೆ, ಮೇಲಕ್ಕೆತ್ತಿದರೆ ಸುತ್ತ ಬಟ್ಟೆಗೋಡೆ ಬಿಚ್ಚಿಕೊಂಡು ಒಂದು ಕೋಣೆ. ಬಾಗಿಲು ಹಿಂಬದಿಗೆ. ಮಧ್ಯಾಹ್ನವಾದರೆ ಒಳಗೆ ಹಂಚಿನ ಮೇಲೆ ಕೂತ ಹಾಗೆ. ಆ ಹಿಂಬಾಗಿಲಿಗೊಂದು ನೆಳ್ಳು ಕಟ್ಟಿಸಲೇಬೇಕು, ಇಲ್ಲದಿದ್ದರೆ ಕೂಸನ್ನು ಕರೆತರುವುದಿಲ್ಲ ಅಂತ ಅವಳು ಹಟ ಹಿಡಿದಿದ್ದಳು. ಅಷ್ಟು ದಿನಗಳಲ್ಲಿ ಅವಳು ಹಿಡಿದ ಹಟ ಅದೊಂದೇ.

ಸಿಂದಗಿ ಬಸ್‌ಸ್ಟ್ಯಾಂಡಿನ ಹಿಂದೆ ಲಾರಿಗಳಿಗೆ ತಾಡಪತ್ರಿ ಹೊಲಿಯುವ ಮಶಾಕಸಾಬನ ಅಂಗಡಿಗೆ ಗಂಡಹೆಂಡತಿ ಹೋಗಿದ್ದರು. ಪರಮಾನಂದ ಕರಿ ತಾಡಪತ್ರಿ ಹಿಡಿದು ನೋಡಿದ. ಮಳೆ ಸೋರದು, ಖರೆ, ಆದರೆ ಬಿಸಿಲಿಗೆ ಎಣ್ಣೆ ನಾರುತ್ತದೆ, ಕೆಳಗೆ ಕೂತವರು ಬೇಯುತ್ತಾರೆ ಅಂದ ಸಾಬ. ತೆಳು ಶಾಮಿಯಾನ ಬಟ್ಟೆ ಒಂದೇ ಸುಂಟರಗಾಳಿಗೆ ಹಾರಿ ತಾಳಿಕೋಟಿ ಸೇರುತ್ತದೆ. ದಪ್ಪ ಖಾಕಿ ಕ್ಯಾನ್ವಾಸೇ ಸೈ. ಎತ್ತುವ ಮಾಳಿಗೆಗೆ ಕಟ್ಟಬೇಡಿ, ಇಳಿಸುವಾಗ ಹರಿಯುತ್ತದೆ. ಅದರ ಕೆಳಗೆ ತಗಡಿಗೇ ಕೊಕ್ಕೆ ಹಾಕಿ, ಅತ್ತ ತುದಿಗೆ ಎರಡು ಗೂಟ ನೆಟ್ಟು, ಒಂದು ಮೂಲೆ ತಗ್ಗಿಸಿ ಕಟ್ಟಿ, ನೀರು ನಿಲ್ಲುವುದಿಲ್ಲ ಅಂದ. ಬಾಗಿಲಿನಷ್ಟೇ ಅಗಲ ಸಾಕು, ಮಡಚಿಡಲು ಹಗುರ ಅನ್ನುವುದು ಪರಮಾನಂದನ ವಾದ. ಸಾವಂತ್ರವ್ವ ಮೆಲ್ಲಗೆ, ತೊಟ್ಟಿಲಿಗೆ ಸಂಜಿತನ ನೆಳ್ಳ ಬೇಕ್ರಿ ಅಂದಳು. ಪಡುವಣ ಬಿಸಿಲಿಗೆ ಒಂದು ಇಳಿಬಿಟ್ಟ ಪಡದಾ ಸಮೇತ ಸಾಬ ದೊಡ್ಡದೇ ಹೊಲಿದುಕೊಟ್ಟ. "ಎರಡು ತೊಟ್ಟಿಲ ಕಟ್ರಿ ಸಾಹೇಬ್ರ, ಜಾಗಾ ಐತಿ," ಅಂತ ಪರಮಾನಂದನನ್ನು ಕಿಚಾಯಿಸಿದ. ಕೊಕ್ಕೆಯಿಂದ ಗೂಟಕ್ಕೆ ಹಾಯಿಸಿದ ಕಬ್ಬಿಣದ ಕೊಳವೆಗೆ ಸಾವಂತ್ರವ್ವ ಹಳೆ ಸೀರೆಯ ಜೋಳಿಗೆ ಕಟ್ಟಿ ಕೂಸನ್ನು ಮಲಗಿಸುತ್ತಿದ್ದಳು.

ಬಾವಿಯಿಂದ ಬಂದ ರಾತ್ರಿ ಜೋಳಿಗೆ ಬಿಚ್ಚಿ ಒಳಗಿಟ್ಟಿದ್ದಳು. ಗಾಳಿ ಇರಲಿಲ್ಲ, ಕ್ಯಾನ್ವಾಸನ್ನು ಹಾಗೇ ಬಿಟ್ಟಿದ್ದರು. ನಿದ್ದೆಯ ನಡುವೆ... ಕಿರ್‌... ಕಿರ್‌... ಭಾರ ಹೊತ್ತ ಕೊಳವೆ ಕೊಕ್ಕೆಯಲ್ಲಿ ಉಜ್ಜುವ ಸದ್ದು. ಬಟ್ಟೆಗೋಡೆಯ ಜಾಲರಿ ಕಿಟಕಿಯಿಂದ ನೋಡಿದಳು. ಬೆಳದಿಂಗಳಲ್ಲಿ ಕೊಳವೆ ತುಸು ಬಾಗುತ್ತಿತ್ತು... ಏಳುತ್ತಿತ್ತು... ಬಾಗುತ್ತಿತ್ತು. ಅದಕ್ಕೆ ಏನೂ ಕಟ್ಟಿರಲಿಲ್ಲ.

ಬಂದಳಲ್ಲ ಪಾಪ, ಅಂದುಕೊಂಡಳು. ಮಗ್ಗಲು ಬದಲಿಸಿ ಮಲಗಿದಳು.

ಮರುದಿನ ಸುಡುಸುಡು ಮಧ್ಯಾಹ್ನ. ರೊಟ್ಟಿ ಬಡಿದು ಕೈ ತೊಳೆದು ಕೂಸಿಗೆ ಮೊಲೆ ಕೊಡಲು ಹೋದಳು. ಮತ್ತೆ ಕಟ್ಟಿದ್ದ ಜೋಳಿಗೆಯಿಂದ ಕೂಸನ್ನು ಎತ್ತಿಕೊಂಡಳು. ಜೋಳಿಗೆ ಸಡಿಲಾಗಬೇಕಿತ್ತು. ಆಗಲಿಲ್ಲ... ಹಾಗೇ ಬಿಗಿದುಕೊಂಡು, ತಳ ದುಂಡಗೆ, ಜೋತಿತ್ತು. ಒಳಗೆ ಬಗ್ಗಿ ನೋಡಿದಳು. ಬರೀ ಬಟ್ಟೆ. ಕೂಸಿನ ಅಂಗಾಲು ನೀರಿನ ಕೊಡದ ಹೊಟ್ಟೆಯ ಹಾಗೆ ತಣ್ಣಗಿತ್ತು.

ಆವತ್ತು ಕೂಸು ಮೊಲೆ ಹಿಡಿಯಲಿಲ್ಲ. ಅಳಲೂ ಇಲ್ಲ. ಪರಮಾನಂದ ಜೀಪಿನಲ್ಲಿ ಸಿಂದಗಿಗೆ ಒಯ್ದ. ಡಾಕ್ಟರು ನೋಡಿ, ಜ್ವರವಿಲ್ಲ, ಝಳ ಬಡಿದಿರಬೇಕು ಅಂತ ಔಷಧಿ ಕೊಟ್ಟರು. ವಾಪಸು ಬಂದವನೇ ಹೆಂಡತಿಯ ಮಾತು ಕೇಳಿ, ನಂಬದಿದ್ದರೂ, ಕ್ಯಾನ್ವಾಸು ಬಿಚ್ಚಿ ಸುತ್ತಿ ಮಂಚದ ಕೆಳಗೆ ತುರುಕಿದ.

ಆ ರಾತ್ರಿ ಕಿರ್‌ ಅನ್ನುವ ಸದ್ದು ಬರಲಿಲ್ಲ. ಹಿಂಬಾಗಿಲ ತಗಡಿನ ಮೇಲೆ ಉಗುರು... ಪರ್‌... ಪರ್‌... ಆಮೇಲೆ ದನಿ. ಸಿಟ್ಟಿಲ್ಲದ ದನಿ.

"ಬರ್ರಿ ಅಂದಿದ್ರಿ..."

ಪರಮಾನಂದನೂ ಕೇಳಿದ. ಬೆಳತನಕ ಹೆಂಡತಿಯ ಮುಂಗೈ ಬಿಡಲಿಲ್ಲ. ಕೂಸು ಕಣ್ಣು ತೆರೆದು ಬಾಗಿಲನ್ನೇ ನೋಡುತ್ತಿತ್ತು. ರೆಪ್ಪೆ ಬಡಿಯುತ್ತಿರಲಿಲ್ಲ. ತಣ್ಣಗಿದ್ದದ್ದು ಅಂಗಾಲಿನಿಂದ ಮೊಣಕಾಲಿಗೆ ಏರಿತ್ತು.

ಬೆಳಿಗ್ಗೆ ಗುಂಡವ್ವ ಬಂದಳು. ಹೇಳಬೇಕೋ ಬೇಡವೋ ಅಂತ ಸೆರಗಿನ ತುದಿ ಹಿಂಡುತ್ತ ನಿಂತು, ಕಡೆಗೆ ಹೇಳಿದಳು. ಬರಗಾಲದ ವರ್ಷ ಇಲ್ಲೇ ಮಣ್ಣಿನ ಕೆಲಸ ನಡೆದಿತ್ತು. ಲಕ್ಕವ್ವ ಅಂತ ಒಬ್ಬಾಕೆ ಕೂಸನ್ನು ಬಂಡಿಯ ನೆಳ್ಳಿಗೆ ಮಲಗಿಸಿ ಬುಟ್ಟಿ ಹೊರಲು ಹೋದಳು. ಹೊತ್ತು ಸರಿಯಿತು. ನೆಳ್ಳು ಸರಿಯಿತು. ಕೂಸು ಅಲ್ಲೇ ಇತ್ತು. ಅತ್ತಿದ್ದರೂ ಗುದ್ದಲಿಗಳ ಸದ್ದಿನಲ್ಲಿ ಯಾರಿಗೆ ಕೇಳಬೇಕು? ಆಮೇಲೆ ಲಕ್ಕವ್ವ ಆ ಬಾವಿಗೆ ಬಿದ್ದಳು.

"ಕತ್ತಲಾದ ಮ್ಯಾಲ ಆ ಹಾದ್ಯಾಗ ನಾವ್ಯಾರೂ ಮಾತಾಡೂದಿಲ್ಲರಿ. ನೀವು ಹೂಂ ಅಂದೀರಿ. ಕೊಟ್ಟ ನೆಳ್ಳ ಕಸಗೊಂಡ್ರ..." ಕೂಸಿನ ಕಡೆ ನೋಡಿದಳು.

ಸಾವಂತ್ರವ್ವ ಎದ್ದಳು. ಮಂಚದ ಕೆಳಗಿಂದ ಕ್ಯಾನ್ವಾಸು ಎಳೆದಳು. ಪರಮಾನಂದ ಗೂಟ ಹೊತ್ತ, ಗುಂಡವ್ವ ಕೊಳವೆ ಹೊತ್ತಳು. ನೆತ್ತಿಯ ಮೇಲೆ ಬಿಸಿಲು ಬಂದಿದ್ದಾಗ ಇನ್ನೆರಡು ಗೂಟ ಸೇರಿಸಿ ಬಾವಿಯ ಪಕ್ಕ ನಾಲ್ಕೂ ನೆಟ್ಟು ಕಟ್ಟಿದರು. ಪಡದಾ ಪಡುವಣಕ್ಕೆ ಇಳಿಬಿಟ್ಟರು. ಮೂಡಲ ಕಡೆ ತೆರೆದೇ ಇತ್ತು. ಬೆಳಗಿನ ಬಿಸಿಲು ಬರ್ತೈತಿ ಅಂದಳು ಸಾವಂತ್ರವ್ವ. ತನ್ನ ಇನ್ನೊಂದು ಸೀರೆ ತಂದು ಅತ್ತಲೂ ಕಟ್ಟಿದಳು. ಹೊತ್ತು ಎತ್ತ ಹೊರಳಿದರೂ ನೆಳ್ಳು ಜರುಗದ ಹಾಗೆ. ಆಮೇಲೆ ನಡುವೆ ಜೋಳಿಗೆ ಕಟ್ಟಿದಳು. ಕಟ್ಟಿದ ಕೈ ತೂಗಲು ಹೋಯಿತು. ಗುಂಡವ್ವ ತಟ್ಟನೆ ಹಿಡಿದಳು. ಕೂಸಿಲ್ಲದ ತೊಟ್ಟಿಲು ತೂಗುವುದಿಲ್ಲ ನಮ್ಮಲ್ಲಿ.

ನಿಂತು ನೋಡಿದರು. ಗಾಳಿ ಇಲ್ಲ. ಜೋಳಿಗೆ ಸಡಿಲವಾಗಿ ಜೋತಿತ್ತು... ಮೆಲ್ಲಗೆ ಬಿಗಿಯಿತು. ತಳ ದುಂಡಗಾಯಿತು. ಕಿರ್‌... ಅಂತು ಕೊಳವೆ.

"ಅದು ನಿಮ್ಮದರಿ," ಅಂದಳು ಸಾವಂತ್ರವ್ವ. ಬಗಲಲ್ಲಿದ್ದ ಕೂಸನ್ನು ಎದೆಗವಚಿದಳು. "ಇದು ನಂದು."

ಬಾವಿಯೊಳಗಿಂದ ಪಾರಿವಾಳಗಳು ಪಟಪಟನೆ ಎದ್ದು ಹೋದವು. ಕೂಸು ಮುಖ ಕಿವುಚಿತು... ಅತ್ತಿತು. ಗಂಟಲು ಹರಿಯುವ ಹಾಗೆ ಅತ್ತಿತು. ಅವಳು ಆ ಸುಡುವ ನೆಲದಲ್ಲೇ ಕೂತು ಹಾಲು ಕುಡಿಸಿದಳು. ಪರಮಾನಂದ ತನ್ನ ಟೋಪಿ ತೆಗೆದು ಕೂಸಿನ ಮುಖಕ್ಕೆ ಮರೆ ಹಿಡಿದ.

ಮುಂದಿನ ವಾರ ಟ್ರೇಲರನ್ನು ಮುದ್ದೇಬಿಹಾಳದ ಕಡೆ ಎಳೆದರು. ಆಮೇಲೆ ಇಂಡಿಗೆ ವರ್ಗವಾಯಿತು. ಸುಳ್ಳು ಅನ್ನುವವರು ಬೇಕಾದರೆ ಅವಳನ್ನೇ ಕೇಳಬಹುದು, ಆ ಬೇವಿನ ಮರದ ಆಚೆ ಮನೆ. ಹೆಚ್ಚು ಹೇಳುವವಳಲ್ಲ. "ಹೌದ್ರಿ, ಆಗೈತಿ" ಅಂತಾಳೆ, ಅಕ್ಕಿ ಆರಿಸುವುದನ್ನು ನಿಲ್ಲಿಸದೆ.

ಹುಡುಗ ಈಗ ದೊಡ್ಡವನಾಗಿದ್ದಾನೆ, ಬರುವ ವರ್ಷ ಸಾಲಿಗೆ ಹೋಗುತ್ತಾನೆ. ಅವನಿಗೆ ಇದ್ಯಾವುದನ್ನೂ ಯಾರೂ ಹೇಳಿಲ್ಲ. ದೊಡ್ಡ ಹಾಸಿಗೆಯಲ್ಲಿ ಒಬ್ಬನೇ ಮಲಗುತ್ತಾನೆ. ಗೋಡೆಗೆ ಅಂಟಿಕೊಂಡು, ಇತ್ತ ಅರ್ಧ ಬಿಟ್ಟು. ನಡುವೆ ಎಳೆದು ಮಲಗಿಸಿದರೆ ನಿದ್ದೆಯಲ್ಲೇ ಸರಿದು ಜಾಗ ಬಿಡುತ್ತಾನೆ. ಸಾವಂತ್ರವ್ವ ಈಗ ಎಳೆಯುವುದನ್ನು ಬಿಟ್ಟಿದ್ದಾಳೆ. ನಿನ್ನೆ ರಾತ್ರಿ ಅವರ ಮನೆಗೆ ಹೋದಾಗ ನಾನೇ ಕಂಡದ್ದನ್ನು ಹೇಳುತ್ತಿರುವುದು... ಬಿಟ್ಟ ಅರ್ಧಕ್ಕೂ ಹೊದಿಕೆ ಹೊದಿಸಿದ್ದ.